ರೊಟ್ಟಿ ಅಕ್ಕಾರು ಬಿಟ್ಟುಕೊಟ್ಟ ಮಾತು

ಮೊನ್ನೆ ಟಿ.ವಿ. ರಿಮೋಟಿನ ಸೆಲ್ಲು ಮುಗಿದಿತ್ತು. ಹೊಸ ಸೆಲ್ಲು ಹುಡುಕಲು ಕಪಾಟಿನ ಕೆಳಗಿನ ಖಾನೆ ಎಳೆದಾಗ, ಹಳೆಯ ಚಾರ್ಜರುಗಳ ಗಂಟಿನ ಅಡಿಯಲ್ಲಿ ಇನ್ನೊಂದು ರಿಮೋಟು ಸಿಕ್ಕಿತು. ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು, ಕಪ್ಪು ಬಣ್ಣ, ಮೂರು ಗುಂಡಿ. ಒಂದನ್ನು ಒತ್ತಿದರೆ ಸಪ್ಪಳ, ಇನ್ನೊಂದನ್ನು ಒತ್ತಿದರೆ ನಡುಕ, ಮೂರನೆಯದನ್ನು ಒತ್ತಿದರೆ ಕರೆಂಟು, ಅದನ್ನು ಏರಿಸಿ ಇಳಿಸಲು ಪಕ್ಕದಲ್ಲಿ ಒಂದು ಸಣ್ಣ ತಿರುಗಣಿ. ನಾಯಿಯ ಕೊರಳಿಗೆ ಕಟ್ಟುವ ಪಟ್ಟಿಗೆ ಇದು ಜೋಡಿ. ಪಟ್ಟಿಯನ್ನು ಎಂದೋ ಎಸೆದಿದ್ದೆ, ಇದನ್ನು ಯಾಕೆ ಇಟ್ಟುಕೊಂಡೆನೋ… ಮೂರನೆಯ ಗುಂಡಿಯ ಮೇಲಿನ ಗುರುತು ಅಳಿಸಿಹೋಗಿತ್ತು. ಅಳಿಸಿದ್ದು ನನ್ನದೇ ಹೆಬ್ಬೆರಳು.

ಅದನ್ನು ಕೈಯಲ್ಲಿ ಹಿಡಿದು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಒಲೆಯ ಮೇಲೆ ಕುಕ್ಕರು ಎಷ್ಟು ಸಲ ಕೂಗಿತೋ ಗೊತ್ತಾಗಲಿಲ್ಲ. ಬೆಂಗೇರಿಯ ಆ ಮನೆ, ಕೆಳಗಿನಿಂದ ಬರುತ್ತಿದ್ದ ರೊಟ್ಟಿ ಬಡಿಯುವ ಸಪ್ಪಳ, ಅದರ ನಡುವೆ ನಿಲ್ಲದೆ ಹರಿಯುತ್ತಿದ್ದ ಅಕ್ಕಾರ ಮಾತು, ಎಲ್ಲ ಒಟ್ಟಿಗೆ ಬಂದವು.

ಅವರು ನಮ್ಮ ಮನೆಯ ಮಾಲಕರು. ಕೆಳಗೆ ಅವರು, ಮೇಲಿನ ಎರಡು ಕೋಣೆಗಳಲ್ಲಿ ನಾನು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮುಂದಿನ ಪಡಸಾಲೆಯಲ್ಲಿ ಒಲೆ ಹೂಡಿಕೊಂಡು ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಓಣಿಯವರೆಲ್ಲ ‘ರೊಟ್ಟಿ ಅಕ್ಕಾರು’ ಅನ್ನುತ್ತಿದ್ದರು, ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಸಂಜೆಯಾದರೆ ಡಬ್ಬಿ ಹಿಡಿದ ಹೆಣ್ಣುಮಕ್ಕಳು ಗೇಟಿನ ಮುಂದೆ ನೆರೆಯುತ್ತಿದ್ದರು. ಅವರು ಬರುತ್ತಿದ್ದುದು ರೊಟ್ಟಿಗೋ ಅಕ್ಕಾರ ಮಾತಿಗೋ ಹೇಳುವುದು ಕಷ್ಟ. ಹತ್ತು ನಿಮಿಷದ ಕೆಲಸಕ್ಕೆ ಬಂದವರು ಒಂದು ತಾಸು ನಿಂತು, ಬಿಸಿ ರೊಟ್ಟಿ ತಣ್ಣಗಾದ ಮೇಲೆ ಮನೆಗೆ ಒಯ್ಯುತ್ತಿದ್ದರು.

ಅಕ್ಕಾರ ಮಾತಿನಲ್ಲಿ ಒಂದು ಶಬ್ದ ಉಪ್ಪಿನ ಹಾಗೆ ಎಲ್ಲದಕ್ಕೂ ಬೀಳುತ್ತಿತ್ತು: ‘ನೋಡು’. ನಮ್ಮ ಕಡೆಯವರಿಗೆಲ್ಲ ಈ ಚಟ ಇದ್ದದ್ದೇ. ಫೋನಿನಲ್ಲಿ ಮಾತಾಡುವಾಗಲೂ ‘ನೋಡ್ರಿ’ ಅನ್ನುವವರು ನಾವು. ಆದರೆ ಅಕ್ಕಾರದು ಎಲ್ಲರಿಗಿಂತ ಒಂದು ಕೈ ಮೇಲು. ‘ಇವತ್ತಿನ ಹಿಟ್ಟ ಜಿಗಟ ಇಲ್ಲ ನೋಡು.’ ‘ಮಳಿ ಬರೂದಿಲ್ಲ ನೋಡು ಇನ್ನ.’ ‘ಬಿಸಿ ಅದಾವ ನೋಡ್ರಿ, ಲಗೂ ಒಯ್ರಿ.’ ಒಂದು ದಿನ ಅವರ ಮುಂದೆ ಕೂತು ಸುಮ್ಮನೆ ಎಣಿಸಿದೆ. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕುವುದರೊಳಗೆ ಹನ್ನೊಂದು ಸಲ ಬಂದಿತ್ತು. ಹೇಳಿದಾಗ ಅಕ್ಕಾರು ಹಿಟ್ಟಿನ ಕೈಯನ್ನೇ ಹಣೆಗೆ ಒತ್ತಿಕೊಂಡು ನಕ್ಕರು.

“ಎಣಸ್ಕೋತ ಕುಂತೀಯಲ್ಲ ತಂಗಿ, ಬ್ಯಾರೆ ಕೆಲಸ ಇಲ್ಲ ನೋಡು ನಿನಗ. ಈಗ ಹನ್ನೆರಡಾತು.”

ನನಗೆ ಕೆಲಸ ಬೇಕಾದಷ್ಟಿತ್ತು. ಸಂಜೆಯ ಹೊತ್ತು ಕಂಪ್ಯೂಟರಿನ ಮುಂದೆ ಕೂತು, ಬೇರೆ ಬೇರೆ ಊರಿನ ಜನರಿಗೆ ಇಂಗ್ಲಿಷು ಮಾತಾಡುವುದನ್ನು ಕಲಿಸುತ್ತಿದ್ದೆ. ಕಲಿಸುವವರಿಗೆ ಇರುವ ಒಂದು ರೋಗ ನನಗೂ ಇತ್ತು, ಎಲ್ಲರನ್ನೂ ತಿದ್ದಬೇಕು ಅನ್ನುವುದು. ಜನರಾಯಿತು, ಕಡೆಗೆ ನಾಯಿಗೂ ಕೈ ಹಾಕಿದೆ.

ಅಕ್ಕಾರ ನಾಯಿಯ ಹೆಸರು ಮುತ್ಯಾ. ನಮ್ಮಲ್ಲಿ ಮುತ್ಯಾ ಎಂದರೆ ಅಜ್ಜ. ಅವನು ಕಣ್ಣು ಬಿಡುವಾಗಲೇ ಹಣೆಯ ಮೇಲೆ ನೆರಿಗೆ ಇದ್ದವಂತೆ, ಲೋಕದ ಚಿಂತೆಯೆಲ್ಲ ತಾನೇ ಹೊತ್ತವನ ಹಾಗೆ. ತಾಯಿ ಬೀದಿಯದು, ತಂದೆಯ ಕಡೆಯಿಂದ ಮುಧೋಳದ ಬೇಟೆನಾಯಿಯ ಕಾಲು ಬಂದಿತ್ತು, ಹೀಗಾಗಿ ಓಡಿದರೆ ಕೈಗೆ ಸಿಗುತ್ತಿರಲಿಲ್ಲ. ದಿನದ ಮೊದಲ ರೊಟ್ಟಿ ಅವನದು. ಅಕ್ಕಾರು ಅದನ್ನು ಮುರಿದು, ಊದಿ ಆರಿಸಿ, ಕೈಯಿಂದಲೇ ತಿನ್ನಿಸುತ್ತಿದ್ದರು. “ಬಿಸಿ ಐತಿ ನೋಡು, ನಾಲಿಗಿ ಸುಟಗೊಂಡೀ.” ಅವನು ಅವರ ಬೆರಳಿನ ಸಂದಿನ ಹಿಟ್ಟನ್ನೂ ನೆಕ್ಕುತ್ತಿದ್ದ. ಆಮೇಲೆ ಅವರು ಕೈ ತೊಳೆದು ಎರಡನೆಯ ರೊಟ್ಟಿ ಶುರು ಮಾಡುತ್ತಿದ್ದರು. ಇದನ್ನು ಕಂಡು ಮೂಗು ಮುರಿದ ಗಿರಾಕಿಗಳಿಗೆ, “ನಾ ಕೈ ತೊಳದೇನಿ ನೋಡ್ರಿ, ನೀವು ಮನಸ ತೊಳಕೋರಿ” ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದರು.

ಮುತ್ಯಾನ ತಪ್ಪು ಎರಡು. ಗೇಟಿಗೆ ಯಾರು ಬಂದರೂ ಗಂಟಲು ಹರಿಯುವ ಹಾಗೆ ಬೊಗಳುವುದು ಒಂದು. ಸ್ಕೂಟರು ಕಂಡರೆ ಬೆನ್ನಟ್ಟುವುದು ಇನ್ನೊಂದು. ಒಂದು ಬೆಳಿಗ್ಗೆ ಎದುರು ಮನೆಯ ನಿವೃತ್ತ ಗುಮಾಸ್ತರು ಅವನ ಕೈಗೆ ಸಿಕ್ಕರು. ಸ್ಕೂಟರಿನಿಂದ ಬಿದ್ದು ಮೊಣಕೈ ತರಚಿಕೊಂಡು ಗೇಟಿನ ಮುಂದೆ ಬಂದು ನಿಂತರು.

“ಅಕ್ಕಾರ, ಇದ ಕಡೀ ಸಲ. ಇನ್ನೊಮ್ಮೆ ಹಿಂಗಾದ್ರ ನಾ ಪಾಲಿಕೆಗೆ ಫೋನ್ ಮಾಡ್ತೇನಿ. ಗಾಡಿ ತಂದು ಒಯ್ತಾರ.”

ಅಕ್ಕಾರು ಅವರ ಮೊಣಕೈಗೆ ಅರಿಶಿನ ಹಚ್ಚಿ ಕಳಿಸಿದರು. ಆ ದಿನ ಮಾತ್ರ ರೊಟ್ಟಿಗಳೆಲ್ಲ ಅಂಚು ಒಡೆದವು. ಗಾಡಿ ಬಂದು ಒಯ್ಯುವ ಮಾತು ಅವರ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ಮನೆಯಲ್ಲಿ ಅವರಿಗೆಂದು ಇದ್ದ ಜೀವ ಅದೊಂದೇ.

ನಾನು ಮುಂದೆ ಬಂದೆ. ಉಪಕಾರದ ಬುದ್ಧಿ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಖರೇ ಹೇಳಬೇಕೆಂದರೆ ನನ್ನ ಪಾಠದ ಹೊತ್ತಿಗೂ ಗಿರಾಕಿಗಳ ಹೊತ್ತಿಗೂ ಸರಿಯಾಗಿ ತಾಳೆಯಾಗುತ್ತಿತ್ತು. ನಾನು ಮೈಕಿನಲ್ಲಿ ಉಚ್ಚಾರ ತಿದ್ದುವಾಗ ಕೆಳಗಿನಿಂದ ಮುತ್ಯಾ ತನ್ನ ಉಚ್ಚಾರ ಕೇಳಿಸುತ್ತಿದ್ದ. ಕಲಿಯುವವರು ನಗುತ್ತಿದ್ದರು, ಇಬ್ಬರು ಬಿಟ್ಟೂ ಹೋಗಿದ್ದರು. ನಾಯಿಗೆ ಕಲಿಸುವ ಒಬ್ಬರು ಕೇಶ್ವಾಪುರದಲ್ಲಿದ್ದಾರೆಂದು ಯಾರೋ ಹೇಳಿದರು. ಅವರನ್ನು ಕರೆಸಿದೆ, ಅವರು ಹೇಳಿದ ಪಟ್ಟಿಯನ್ನು ನಾನೇ ತರಿಸಿದೆ.

ಅವರು ಕೆಟ್ಟವರಲ್ಲ. ಮೆಲ್ಲಗೆ ಮಾತಾಡುವ ಮನುಷ್ಯ. ಮುತ್ಯಾನ ಎದುರು ನೆಲದ ಮೇಲೆ ಕೂತು, ಅವನು ತಾನಾಗಿ ಮೂಸುವ ತನಕ ಕಾದರು. ಪಟ್ಟಿಯನ್ನು ಮೊದಲು ತಮ್ಮ ಅಂಗೈಗೆ ಹಿಡಿದು ಗುಂಡಿ ಒತ್ತಿಕೊಂಡರು, ಆಮೇಲೆ ಅಕ್ಕಾರ ಅಂಗೈಗೆ.

“ಇರಿವಿ ಕಡದಂಗಾತು ನೋಡ್ರಿ,” ಅಂದರು ಅಕ್ಕಾರು.

“ಅಷ್ಟ ಇರಬೇಕ್ರಿ. ಕರೆಂಟ ಎರಡರ ಮ್ಯಾಲೆ ಏರಸಬ್ಯಾಡ್ರಿ. ಗೇಟಿಗೆ ಓಡಿದಾಗಷ್ಟ ಒತ್ರಿ. ಒತ್ತೂಕಿಂತ ಮೊದಲ ಒಂದ ಶಬ್ದ ಅನ್ರಿ, ದಿನಾ ಅದ ಶಬ್ದ. ನಾಕ ದಿನದಾಗ ಶಬ್ದಕ್ಕ ನಿಲ್ತಾನ, ಗುಂಡಿ ಬೇಕಾಗೂದಿಲ್ಲ.”

“ಯಾವ ಶಬ್ದ?” ಎಂದು ಕೇಳಿದವಳು ನಾನು.

“‘ನೋ’ ಅನ್ರಿ ಮೇಡಂ. ಮನ್ಯಾಗ ದಿನಾ ಆಡೂ ಮಾತು ಇಟಗೊಂಡ್ರ ನಾಯಿಗೆ ಗೊಂದಲ ಆಕ್ಕೈತಿ. ನಮ್ಮ ಕನ್ನಡ ಮನ್ಯಾಗ ‘ನೋ’ ಅಂತ ಯಾರೂ ಅನ್ನೂದಿಲ್ಲಲ್ಲ?”

ಹೌದು ಎಂದು ನಾನು ತಲೆಯಾಡಿಸಿದೆ. ಭಾಷೆ ಕಲಿಸುವವಳು ನಾನು! ಪಕ್ಕದಲ್ಲಿ ಅಕ್ಕಾರು, “ಅಂವಗೂ ಇಂಗ್ಲಿಷ್ ಬಂತ ನೋಡು, ನನಗ ಬರಲಿಲ್ಲ,” ಎಂದು ನಗಾಡುತ್ತಿದ್ದರು. ನನಗೆ ಏನೂ ಹೊಳೆಯಲಿಲ್ಲ.

ಅಕ್ಕಾರು ಆ ಪಟ್ಟಿಗೆ ‘ತಾಯತ’ ಎಂದು ಹೆಸರಿಟ್ಟರು. ಕೊರಳಿಗೆ ಕಟ್ಟುವುದಕ್ಕೆ ಒಪ್ಪಿದರು, ಗುಂಡಿ ಮಾತ್ರ ಮುಟ್ಟಲಿಲ್ಲ. “ಉಣಸೂ ಕೈಲೆ ಅದನ್ನ ಒತ್ತಾಕ ಆಗೂದಿಲ್ಲ ತಂಗಿ. ನೀನ ಮಾಡು.” ಹೀಗೆ ರಿಮೋಟು ನನ್ನ ಕೈಗೆ ಬಂತು. ಮೇಲಿನ ಬಾಲ್ಕನಿಯಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು. ಮುತ್ಯಾ ಓಡಿದ ಕೂಡಲೇ ‘ನೋ’ ಎಂದು ಕೂಗಿ ಒತ್ತುತ್ತಿದ್ದೆ. ಅವನು ಗಕ್ಕನೆ ನಿಂತು ಸುತ್ತಮುತ್ತ ಹುಡುಕುತ್ತಿದ್ದ, ಕಚ್ಚಿದ್ದು ಯಾವುದು ಎಂದು. ಮೇಲೆ ನಿಂತವಳು ಅವನ ಕಣ್ಣಿಗೆ ಬೀಳುತ್ತಿರಲಿಲ್ಲ. ಕಲಿಸುವವರು ಹೇಳಿದಂತೆ ನಾಲ್ಕೇ ದಿನಗಳಲ್ಲಿ ಅವನು ಸ್ಕೂಟರು ಬಿಟ್ಟ. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು…

ನಾನು ಬಿಡಲಿಲ್ಲ. ಅವನು ಗಿರಾಕಿಗಳಿಗೆ ಬೊಗಳುವುದು ಉಳಿದಿತ್ತು, ನನಗೆ ಬೇಕಾಗಿದ್ದದ್ದೂ ಅದೇ ನಿಲ್ಲುವುದು. ಪಾಠದ ಹೊತ್ತಿಗೆ ಬಾಲ್ಕನಿಗೆ ಹೋಗಿ ಕೂಗಲು ಆಗುತ್ತಿರಲಿಲ್ಲ, ಮೈಕು ತೆರೆದಿರುತ್ತಿತ್ತು. ರಿಮೋಟನ್ನು ಮೇಜಿನ ಮೇಲೆ ಪುಸ್ತಕದ ಪಕ್ಕ ಇಟ್ಟುಕೊಂಡೆ. ಕೆಳಗೆ ಬೊಗಳಿಕೆ ಕೇಳಿದರೆ, ಮಾತು ನಿಲ್ಲಿಸದೆ, ಮುಖದ ಮೇಲಿನ ನಗು ಕದಲಿಸದೆ, ಹೆಬ್ಬೆರಳಿನಿಂದ ಒತ್ತುತ್ತಿದ್ದೆ. ‘ನೋ’ ಅನ್ನುತ್ತಿರಲಿಲ್ಲ. ಎರಡರಲ್ಲಿ ನಿಲ್ಲದಿದ್ದರೆ ಮೂರು, ಮೂರರಲ್ಲಿ ನಿಲ್ಲದಿದ್ದರೆ ಐದು. ಕಲಿಸುವವರು ಬೇಡವೆಂದ ಮೂರು ಕೆಲಸಗಳನ್ನೂ ಒಂದೇ ಬೆರಳಿನಿಂದ ಮಾಡಿದೆ.

ಅದೇ ಹೊತ್ತಿಗೆ ಕೆಳಗೆ ಏನು ನಡೆದಿರುತ್ತಿತ್ತು ಎಂದು ಈಗ ಬಿಡಿಸಿ ಹೇಳಬೇಕಾಗಿಲ್ಲ. ಗೇಟಿಗೆ ಗಿರಾಕಿ ಬಂದಿರುತ್ತಿದ್ದಳು, ಮುತ್ಯಾ ಬೊಗಳುತ್ತಿದ್ದ, ಅಕ್ಕಾರು ಒಲೆಯ ಮುಂದಿನಿಂದ, “ನೋಡ್ರಿ, ಬಿಸಿ ಅದಾವ ನೋಡ್ರಿ,” ಎಂದು ಕರೆಯುತ್ತಿದ್ದರು. ಅವನಿಗೆ ‘ನೋ’ ಎಂಬ ಸದ್ದು ಕೇಳಿಸಿತು, ಕೊರಳಿಗೆ ಕರೆಂಟು ಬಡಿಯಿತು. ಸದ್ದು ಬಂದದ್ದು ಅಕ್ಕಾರ ಬಾಯಿಂದ.

ಬೊಗಳಿಕೆ ಬಹುಮಟ್ಟಿಗೆ ನಿಂತಿತು. ಗುಮಾಸ್ತರು ಗೇಟಿನ ಹತ್ತಿರ ನಿಂತು, “ಛಲೋ ಕಲಿಸೀರಿ ಮೇಡಂ,” ಎಂದು ಹೊಗಳಿದರು. ನಾನು ಹಿಗ್ಗಿದೆ. ಪಾಠ ಸುಸೂತ್ರವಾಗಿ ನಡೆಯುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಚಹಾ ಹಿಡಿದು ಬಾಲ್ಕನಿಯಲ್ಲಿ ನಿಂತಿದ್ದೆ. ಕೆಳಗೆ ಅಕ್ಕಾರು ಮೊದಲ ರೊಟ್ಟಿ ಮುರಿದು ಮುತ್ಯಾನನ್ನು ಕರೆದರು. ಅವನು ಬಾಲ ಬೀಸುತ್ತ ಬಂದ. ಇನ್ನೊಂದು ಮಾರು ಇರುವಾಗ ಅಕ್ಕಾರು, “ಬಾ, ಬಿಸಿ ಐತಿ ನೋಡು,” ಅಂದರು. ಅವನ ಕಿವಿ ಹಿಂದಕ್ಕೆ ಅಂಟಿತು, ಹೊಟ್ಟೆ ನೆಲಕ್ಕೆ ತಾಗಿತು, ಹಾಗೇ ಪಕ್ಕಕ್ಕೆ ಸರಿದು ಮೆಟ್ಟಿಲ ಕೆಳಗೆ ಹೋಗಿ ಕೂತ. ಅಕ್ಕಾರು ರೊಟ್ಟಿಯ ತುಂಡು ಹಿಡಿದುಕೊಂಡೇ ಇದ್ದರು. ನನಗೆ ಆ ಕ್ಷಣದಲ್ಲೇ ಎಲ್ಲ ತಿಳಿಯಿತು. ‘ನೋ’, ‘ನೋಡು’. ಪಾಠದಲ್ಲಿ ದಿನವೂ ಶಬ್ದ ಒಡೆದು ತೋರಿಸುವವಳಿಗೆ ಇದು ತಿಳಿಯದಿರುವಷ್ಟು ಕಷ್ಟದ್ದಲ್ಲ.

ಆಗಲೇ ಇಳಿದು ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ಕಲಿಯುವವರ ಒಂದು ತಂಡಕ್ಕೆ ಕೆಲಸದ ಸಂದರ್ಶನಗಳು ಹತ್ತಿರ ಬಂದಿದ್ದವು, ಮೂರು ವಾರ ಸದ್ದಿಲ್ಲದೆ ಸಾಗಿದರೆ ಸಾಕು ಎಂದುಕೊಂಡೆ. ನಾಯಿಗಳು ಬೇಗ ಮರೆಯುತ್ತವೆ ಎಂದೂ ಸಮಾಧಾನ ಹೇಳಿಕೊಂಡೆ. ಚಹಾ ಮುಗಿಸಿ ಒಳಗೆ ಹೋದೆ. ಆ ಮೂರು ವಾರವೂ ಸಂಜೆ ಅವನು ಬಾಯಿ ತೆರೆದಾಗಲೆಲ್ಲ ಗುಂಡಿ ಒತ್ತಿದೆ, ತಿಳಿದೂ ತಿಳಿದೂ ಒತ್ತಿದೆ. ಇದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ಅಕ್ಕಾರು ದಿನಕ್ಕೊಂದು ಕಾರಣ ಹುಡುಕುತ್ತಿದ್ದರು. “ಹೊಟ್ಟಿ ಕೆಟ್ಟೈತೇನೋ ನೋಡು, ತಿನ್ನವಲ್ಲ.” “ನನ್ನ ಮ್ಯಾಲೆ ಸಿಟ್ಟ ಮಾಡ್ಯಾನ ನೋಡು, ಹತ್ರ ಬರವಲ್ಲ.” ಹಿಟ್ಟು ಬದಲಿಸಿದರು, ಬೆಲ್ಲ ಹಚ್ಚಿ ಕೊಟ್ಟರು, ಒಂದು ದಿನ ಮೆಣಸಿನಕಾಯಿ ಇಳಿದೆಗೆದು ದೃಷ್ಟಿಯನ್ನೂ ತೆಗೆದರು. ಮುತ್ಯಾ ನನ್ನ ಮೆಟ್ಟಿಲ ಕೆಳಗೇ ಮಲಗತೊಡಗಿದ. ಒತ್ತುವವಳ ಆಸರೆಗೆ ಬಂದು ಮಲಗಿದ್ದ, ಉಣಿಸುವವರನ್ನು ಬಿಟ್ಟು. ನಾನು ಹತ್ತಿ ಇಳಿಯುವಾಗ ಬಾಲ ಬೀಸುತ್ತಿದ್ದ, ನನಗೆ ಅವನನ್ನು ದಾಟಿ ಹೋಗುವುದೇ ಕಷ್ಟವಾಗುತ್ತಿತ್ತು.

ಕಡೆಗೆ ಅಕ್ಕಾರೇ ಕಂಡುಹಿಡಿದರು. ಒಂದು ಮಧ್ಯಾಹ್ನ ಕೆಳಗಿನಿಂದ ಕೂಗಿದರು. “ತಂಗಿ, ಇಳದ ಬಾ ಒಂದೀಟ.” ಹೋದೆ. ಅಂಗಳದ ಆ ತುದಿಗೆ ಮುತ್ಯಾ ಕೂತಿದ್ದ. ಅಕ್ಕಾರು ಅವನ ಕಡೆ ಮುಖ ಮಾಡಿ, ಸಾಲಿಯ ಮಗುವಿಗೆ ಓದಿಸುವ ಹಾಗೆ ಒಂದೊಂದೇ ಶಬ್ದ ಅಂದರು.

“ರೊಟ್ಟಿ… ಹಂಚು… ನಡಿ… ಪಲ್ಲೆ…”

ಅವನು ಸುಮ್ಮನೆ ಕೇಳುತ್ತಿದ್ದ.

“ನೋಡು.”

ಅವನು ಕುಗ್ಗಿದ. ಕೊರಳು ಒಳಗೆ ಎಳೆದುಕೊಂಡ, ಕಣ್ಣು ಮುಚ್ಚಿಕೊಂಡ. ಅಕ್ಕಾರು ನನ್ನ ಕಡೆ ತಿರುಗಿದರು.

“ನಾ ಏನ ಮಾಡೇನಿ ಅವಂಗ?”

ನಾನು ಹೇಳಿದೆ. ‘ನೋ’ ಎಂಬುದರ ಕಥೆಯನ್ನು, ಪಾಠದ ಹೊತ್ತಿಗೆ ಬಾಯಿ ಮುಚ್ಚಿ ಒತ್ತಿದ್ದನ್ನು, ಐದರ ತನಕ ಹೋದದ್ದನ್ನು ಹೇಳಿದೆ. ಅವರು ಹಿಟ್ಟು ಹತ್ತಿದ ಕೈಯಿಂದಲೇ ಮುತ್ಯಾನ ಕೊರಳ ಪಟ್ಟಿ ಬಿಚ್ಚಿದರು. ಬಿಚ್ಚುವಾಗ ಅವನು ನಡುಗುತ್ತಿದ್ದ. ಪಟ್ಟಿಯಡಿ ಎರಡು ಕಡೆ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ಅದರ ಮೇಲೆ ಬೆರಳಿಟ್ಟು ಅಕ್ಕಾರು ಕೇಳಿದರು.

“ನಿನಗ ಇದು ಮೊದಲ ತಿಳದಿತ್ತೇನ ತಂಗಿ?”

“ಇಲ್ಲ ಅಕ್ಕಾರ,” ಅಂದೆ. “ಈಗ ನೀವು ತೋರಿಸಿದ ಮ್ಯಾಲೆ ತಿಳೀತು.”

ಅವರು ಪಟ್ಟಿಯನ್ನು ನನ್ನ ಕೈಗಿತ್ತರು. “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದಂಗಾತು. ನಿನ್ನ ಪಾಠಕ್ಕ ಇವನ ಗೋಣ.” ಇಷ್ಟೇ ಅಂದದ್ದು. ಬೈದಿದ್ದರೆ ಒಳ್ಳೆಯದಿತ್ತು.

ಕೇಶ್ವಾಪುರದ ಆ ಕಲಿಸುವವರನ್ನು ಮತ್ತೆ ಕರೆಸಿದೆವು. ಅವರಿಗೂ ಬಹಳ ಕೆಡುಕೆನಿಸಿತು. ತಲೆ ಕೆರೆದುಕೊಂಡು, “ಈ ‘ನೋಡು’ ನನ್ನ ತಲ್ಯಾಗ ಬರಲೇ ಇಲ್ರಿ, ನಾನೂ ದಿನಾ ಅಂತೇನಿ,” ಅಂದರು. ಉಪಾಯ ಒಂದೇ ಇತ್ತು. ಆ ಶಬ್ದ ಅವನ ಕಿವಿಗೆ ಬೀಳಬಾರದು, ಮುಖ್ಯವಾಗಿ ಅಕ್ಕಾರ ಬಾಯಿಂದ ಬೀಳಬಾರದು. ತಿಂಗಳೊಪ್ಪತ್ತು ಹಾಗೆ ನಡೆದರೆ ಅವನ ಅಂಜಿಕೆ ಇಳಿಯಬಹುದು.

“ಆತು,” ಅಂದರು ಅಕ್ಕಾರು. “ಒಂದ ಮಾತಲ್ಲ, ಬಿಡ್ತೇನಿ.”

ಒಂದು ಮಾತು ಬಿಡುವುದೆಂದರೇನು ಎಂದು ಅಲ್ಲಿಂದ ಮುಂದೆ ನಾನು ಕಂಡೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡರು, ನೆನಪಿರಲೆಂದು. “ಇವತ್ತ ಜ್ವಾಳ ಛಲೋ ಬಂದಾವ ನ…” ಎಂದು ಅಲ್ಲೇ ಕಚ್ಚಿಕೊಳ್ಳುತ್ತಿದ್ದರು. ‘ನೋಡು’ ಅವರ ಮಾತಿಗೆ ಬರೀ ಬಾಲವಾಗಿರಲಿಲ್ಲ, ಕಾಲಾಗಿತ್ತು. ಅದು ಹೋದ ಮೇಲೆ ಮಾತು ಎಲ್ಲಿ ನಿಲ್ಲಬೇಕು, ಎಲ್ಲಿಂದ ಮುಂದೆ ಹೆಜ್ಜೆ ಇಡಬೇಕು ಅವರಿಗೆ ತಿಳಿಯುತ್ತಿರಲಿಲ್ಲ. ಕಥೆ ಶುರು ಮಾಡಿ ನಡುವೆ ತಡವರಿಸಿ ಬಿಟ್ಟುಬಿಡುತ್ತಿದ್ದರು. “ಬಾಯಾಗ ಹುಣ್ಣ ಆಗೇತೇನ್ರಿ ಅಕ್ಕಾರ?” ಎಂದು ಗಿರಾಕಿಗಳು ಕೇಳುತ್ತಿದ್ದರು. ಮೊದಮೊದಲು ನಕ್ಕರು, ಆಮೇಲೆ ಅಕ್ಕಾರಿಗೆ ವಯಸ್ಸಾಯಿತು ಅಂದುಕೊಂಡರು. ಒಂದು ತಾಸು ನಿಲ್ಲುತ್ತಿದ್ದವರು ರೊಟ್ಟಿ ಬಿಸಿ ಇರುವಾಗಲೇ ಮನೆಗೆ ಒಯ್ಯತೊಡಗಿದರು. ಮೇಲೆ ಕೂತು ನಾನು ಅಂಜಿಕೆಯಿಲ್ಲದೆ ಮಾತಾಡುವುದು ಹೇಗೆ ಎಂದು ಜನರಿಗೆ ಹೇಳಿಕೊಡುತ್ತಿದ್ದೆ.

ಆದರೆ ಮುತ್ಯಾ ಮೆಲ್ಲಮೆಲ್ಲಗೆ ಸರಿಹೋಗುತ್ತಿದ್ದ. ಮೊದಲು ಅಂಗಳದಲ್ಲಿ ಇಟ್ಟು ಬಂದ ರೊಟ್ಟಿಯನ್ನು, ಅಕ್ಕಾರು ಒಳಗೆ ಹೋದ ಮೇಲೆ ತಿಂದ. ಆಮೇಲೆ ಅವರು ಹೊಸ್ತಿಲಲ್ಲಿ ನಿಂತಿದ್ದರೂ ತಿಂದ. ಒಂದು ದಿನ ಒಲೆಯ ಹತ್ತಿರ ಬಂದು, ಅವರಿಗೆ ಬೆನ್ನು ಮಾಡಿ ಕೂತ. ಅಕ್ಕಾರು ನನಗೆ ಕೈ ಮಾಡಿ ತೋರಿಸಿ, ಬಾಯಿಗೆ ಬೆರಳಿಟ್ಟುಕೊಂಡರು. ಆ ಮುಖದ ಸಂತೋಷವನ್ನು ಕಂಡು ನಾನು ಮಾಡಿದ್ದು ಅಳಿಸಿಹೋಗುತ್ತದೆ ಎಂದುಕೊಂಡೆ.

ಎಳ್ಳಮಾವಾಸ್ಯೆಯ ದಿನ ಬಂತು. ಆ ದಿನ ಅಕ್ಕಾರು ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ಮಾಡಿದ್ದರು, ನನ್ನನ್ನೂ ಊಟಕ್ಕೆ ಕರೆದಿದ್ದರು. ನಾನು ಪಡಸಾಲೆಯ ಗೋಡೆಗೆ ಒರಗಿ ಕೂತಿದ್ದೆ. ಮುತ್ಯಾ ಬಂದ. ಈ ಸಲ ಬೆನ್ನು ಮಾಡಲಿಲ್ಲ. ಅಕ್ಕಾರ ಎದುರಿಗೆ ಬಂದು, ಮೂಗು ಮುಂದೆ ಚಾಚಿ, ಅವರ ಕೈಯಲ್ಲಿದ್ದ ತುಂಡನ್ನು ಕೈಯಿಂದಲೇ ತೆಗೆದುಕೊಂಡ. ಇನ್ನೊಂದು ತುಂಡು ಕೊಟ್ಟರು, ತಿಂದ. ಆಮೇಲೆ, ಮೊದಲಿನ ಹಾಗೆ, ಬೆರಳಿನ ಸಂದಿನ ಹಿಟ್ಟು ನೆಕ್ಕಿದ. ಅಕ್ಕಾರು ಕಣ್ಣಲ್ಲಿ ನೀರು ತುಂಬಿಕೊಂಡು, ಮುಖ ಅರಳಿಸಿ, ನನ್ನ ಕಡೆ ತಿರುಗಿದರು.

“ನೋಡು ತಂಗಿ! ಬಂದ ನೋಡು!”

ಅಂದಮೇಲೆ ಗೊತ್ತಾಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅಷ್ಟರಲ್ಲಿ ಮುತ್ಯಾ ಹಿಟ್ಟಿನ ಪರಾತ ಉರುಳಿಸಿ, ಗೇಟು ಹಾರಿ, ಓಣಿಯ ತುದಿ ಮುಟ್ಟಿದ್ದ. ಸಂಜೆಯ ತನಕ ಇಬ್ಬರೂ ಹುಡುಕಿದೆವು. ಸಿಕ್ಕಾಗ ಒಂದು ಮುರುಕು ಟ್ರ್ಯಾಕ್ಟರಿನ ಕೆಳಗೆ ಕೂತಿದ್ದ. ನಾನು ಕರೆದರೆ ಬಂದ. ಅಕ್ಕಾರು ದೂರದಲ್ಲೇ ನಿಂತಿದ್ದರು.

ಆ ಮೇಲೆ ಅಕ್ಕಾರು ಮಾತನ್ನೇ ಬಿಟ್ಟರು ಎಂದರೂ ನಡೆಯುತ್ತದೆ. ತಮ್ಮ ನಾಲಿಗೆಯ ಮೇಲೆ ಅವರಿಗೆ ನಂಬಿಕೆ ಹೋಗಿತ್ತು. ‘ಹೂಂ’, ‘ಇಲ್ಲ’, ‘ತಗೋರಿ’, ಇಷ್ಟರಲ್ಲಿ ದಿನ ಮುಗಿಯುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳ ಮಾತ್ರ ಮೇಲೆ ಬರುತ್ತಿತ್ತು, ಬರೀ ಅದೊಂದೇ. ನನ್ನ ಪಾಠಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ನಾನು ಎಷ್ಟು ಶಾಂತಿ ಬೇಡಿದ್ದೆನೋ ಅದಕ್ಕಿಂತ ಹೆಚ್ಚೇ ಸಿಕ್ಕಿತ್ತು.

ಮರುವರ್ಷ ಬೇಸಿಗೆಯಲ್ಲಿ ಅವರಿಗೆ ಕಾಲು ಬಾವು ಬಂತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಗೆ ಸೇರಿಸಿದೆವು. ಹೃದಯ ಸೋತಿದೆ ಎಂದರು ವೈದ್ಯರು. ನಾನು ದಿನವೂ ಮಧ್ಯಾಹ್ನ ಗಂಜಿ ಒಯ್ಯುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ… ಬಾಗಿಲ ಹತ್ತಿರ ಬಂದಾಗ ಒಳಗಿನಿಂದ ಅಕ್ಕಾರ ದನಿ ಕೇಳಿಸಿತು. ಪಕ್ಕದ ಹಾಸಿಗೆಯವಳೊಂದಿಗೆ ಮಾತಾಡುತ್ತಿದ್ದರು.

“ಜ್ವಾಳದ ಹಿಟ್ಟಿಗೆ ನೀರ ಕುದೀಬೇಕ ನೋಡು. ಕುದೀಲಿಲ್ಲಂದ್ರ ರೊಟ್ಟಿ ಹರೀತಾವ ನೋಡು. ಬಡಿಯೂಮುಂದ ಕೈ ಹಗೂರ ಇರಬೇಕ ನೋಡು…”

ನಾನು ಬಾಗಿಲಲ್ಲೇ ನಿಂತೆ. ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ನನ್ನನ್ನು ಕಂಡು ಅಕ್ಕಾರು ಸಣ್ಣ ಹುಡುಗಿಯ ಹಾಗೆ ನಕ್ಕರು.

“ಇಲ್ಲಿ ಅಂವ ಇಲ್ಲಲ್ಲ ತಂಗಿ. ಬಾಯಿ ತುಂಬ ಅನಕೋಳಾಕತ್ತೇನಿ ನೋಡು.”

ಗಂಜಿ ಕುಡಿಸಿದೆ. ನಡುನಡುವೆ ದಣಿವು ಆರಿಸಿಕೊಳ್ಳುತ್ತ ಎಲ್ಲ ಮಾತಾಡಿದರು, ಬಿಟ್ಟ ಕಥೆಗಳನ್ನೆಲ್ಲ ಮುಗಿಸಿದರು. ಹೊರಡುವ ಹೊತ್ತಿಗೆ ನನ್ನ ಮಣಿಕಟ್ಟು ಹಿಡಿದರು.

“ಆ ಐತವಾರ ನೀ ಮ್ಯಾಲೆ ಚಾ ಹಿಡಕೊಂಡ ನಿಂತಿದ್ದಿ ನೋಡು. ಅಂವ ಕುಗ್ಗಿದ್ದು ನಿನ್ನ ಕಣ್ಣಿಗೆ ಬಿದ್ದಿತ್ತು. ನಾ ಗೋಣ ಎತ್ತಿದಾಗ ನೀ ಒಳಗ ಹೋದಿ.”

ತಪ್ಪಾಯಿತು ಎನ್ನುವ ಬದಲು, ಇನ್ನೊಂದು ಕೈಯಿಂದ ಗಂಜಿಯ ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. ಅಷ್ಟು ದಿನ ಎಲ್ಲ ತಿಳಿದು, ನನ್ನ ಸುಳ್ಳನ್ನೂ ಇಟ್ಟುಕೊಂಡು, ನನಗೆ ಎಳ್ಳು ಹಚ್ಚಿದ ರೊಟ್ಟಿ ಬಡಿಸಿದ್ದರು.

“ಹೋಗ್ಲಿ ಬಿಡು,” ಅಂದರು. “ನಾ ಮನಿಗೆ ಬರೂದಿಲ್ಲ ನೋಡು ಇನ್ನ. ಅಂವನ್ನ ನೀನ ಇಟಗೋ. ನಿನ್ನ ಕಂಡ್ರ ಅಂಜೂದಿಲ್ಲ ಅಂವ.”

ಅವರು ಮನೆಗೆ ಬರಲಿಲ್ಲ. ಎರಡು ದಿನಕ್ಕೆ ಹೋದರು. ಊರಿನಿಂದ ಬಂದ ಸಂಬಂಧಿಕರು ಮನೆ ಮಾರಿದರು. ನಾನು ಮುತ್ಯಾನನ್ನು ಕರೆದುಕೊಂಡು ಧಾರವಾಡಕ್ಕೆ ಬಂದೆ, ಕೆಲಗೇರಿಯಲ್ಲಿ ಮನೆ ಹಿಡಿದೆ. ಪಾಠ ಹೇಳುವುದನ್ನು ಬಿಟ್ಟು ಈಗ ಬರೀ ಬರವಣಿಗೆಯ ಕೆಲಸ ಮಾಡುತ್ತೇನೆ. ಇಲ್ಲಿಗೆ ಬಂದವರಿಗೆಲ್ಲ ಹೊಸ್ತಿಲಲ್ಲೇ ಹೇಳಿಬಿಡುತ್ತಿದ್ದೆ, ಈ ಮನೆಯಲ್ಲಿ ಒಂದು ಮಾತು ಆಡಬಾರದು ಎಂದು. ಹುಚ್ಚು ಎಂದುಕೊಂಡವರು ಬಹಳ ಜನ. ಧಾರವಾಡದವರಿಗೆ ‘ನೋಡ್ರಿ’ ಅನ್ನಬೇಡಿ ಎಂದರೆ ಉಸಿರಾಡಬೇಡಿ ಅಂದ ಹಾಗೆ. ಕೆಲವರು ಬರುವುದನ್ನೇ ಬಿಟ್ಟರು.

ಮುತ್ಯಾ ಈಗ ಹೆಸರಿಗೆ ತಕ್ಕ ಹಾಗೆ ಮುದುಕನಾಗಿದ್ದಾನೆ. ಮೂತಿ ಬೆಳ್ಳಗಾಗಿದೆ, ಕೆರೆಯ ದಂಡೆಯ ತನಕ ನಡೆದರೆ ಬರುವಾಗ ಎರಡು ಕಡೆ ಕೂರುತ್ತಾನೆ. ಕೆಲವು ವಾರಗಳಿಂದ ಕರೆದರೆ ತಿರುಗುತ್ತಿರಲಿಲ್ಲ. ಹೋದ ಸೋಮವಾರ ಪಶುವೈದ್ಯರಿಗೆ ತೋರಿಸಿದೆ. ಅವರು ಅವನ ಹಿಂದೆ ನಿಂತು ಚಪ್ಪಾಳೆ ತಟ್ಟಿದರು, ತಟ್ಟೆ ಬಡಿದರು. “ಕಿವಿ ಪೂರ್ತಿ ಹೋಗ್ಯಾವ್ರಿ,” ಅಂದರು. “ವಯಸ್ಸಾತಲ್ಲ ನೋಡ್ರಿ.”

ಅಭ್ಯಾಸದಂತೆ ನಾನು ಗಾಬರಿಯಿಂದ ಅವನ ಕಡೆ ತಿರುಗಿದೆ. ಮುತ್ಯಾ ಮೇಜಿನ ಮೇಲೆ ಆರಾಮಾಗಿ ನಿಂತಿದ್ದ. ಕಿವಿ ಅಂಟಲಿಲ್ಲ, ಹೊಟ್ಟೆ ತಗ್ಗಲಿಲ್ಲ, ಬಾಲ ಅಲ್ಲಾಡುತ್ತಿತ್ತು.

ಇನ್ನು ಅವನ ಮುಂದೆ ಯಾರು ಬೇಕಾದರೂ ಎಷ್ಟು ಬೇಕಾದರೂ ‘ನೋಡು’ ಅನ್ನಬಹುದು. ಅಕ್ಕಾರು ಇದ್ದಿದ್ದರೆ ರೊಟ್ಟಿ ಮುರಿದು ಹಿಡಿದು ಬಾಯಿ ತುಂಬ ಅನ್ನಬಹುದಿತ್ತು, ಅವನು ಅವರ ಕೈಯಿಂದಲೇ ತಿನ್ನುತ್ತಿದ್ದ. ಬಾಗಿಲು ದಾಟಿ ಬರುವವರಿಗೆ ನಾನು ಈಗ ಏನೂ ಹೇಳುವುದಿಲ್ಲ. ಬಂದವರು ಮಾತು ಮಾತಿಗೂ ಆ ಶಬ್ದ ಆಡುತ್ತಾರೆ, ಅವನು ಕಣ್ಣು ಮುಚ್ಚಿ ಮಲಗಿರುತ್ತಾನೆ. ಕುಗ್ಗುವವಳು ನಾನು.